ದೊಡ್ಡಪ್ಪ ಕಳಿಸಿದ ಫಾರ್ವರ್ಡ್

ದೊಡ್ಡಪ್ಪ: (ಫಾರ್ವರ್ಡ್) 2010ರ ಸಂಶೋಧನೆ ಪ್ರಕಾರ ಸಿಸೇರಿಯನ್ ಮಗುವಿಗೆ ಅಮ್ಮನ ಒಳ್ಳೆಯ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ. ಆಸ್ತಮಾ, ಅಲರ್ಜಿ ಕಟ್ಟಿಟ್ಟ ಬುತ್ತಿ. ಎಲ್ಲ ತಾಯಂದಿರಿಗೂ ಕಳಿಸಿ.

ಅಕ್ಕ: ಪಾಪು ಎದೆ ಮೇಲೆ ಮಲಗಿದೆ. ಇದನ್ನು ಓದಿ ಕೈಕಾಲೇ ಆಡುತ್ತಿಲ್ಲ.

ನಾನು: ದೊಡ್ಡಪ್ಪ, ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ದೊಡ್ಡಪ್ಪ: 2010ರ ಸಂಶೋಧನೆ ಅಂತ ಬರೆದಿದ್ದಾರಲ್ಲಮ್ಮ. ಅದೂ ಸುಳ್ಳಾ?

ನಾನು: ಸುಳ್ಳಲ್ಲ. ನಾರ್ಮಲ್ ಹೆರಿಗೆಯ ಮಕ್ಕಳಲ್ಲಿ ಹೆರಿಗೆ ದಾರಿಯ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಸಿಕ್ಕಿತ್ತು, ಸಿಸೇರಿಯನ್ ಮಕ್ಕಳಲ್ಲಿ ಚರ್ಮದ ಸ್ಟ್ಯಾಫಿಲೊಕಾಕಸ್. ಆದರೆ ನೋಡಿದ್ದು 9 ತಾಯಂದಿರನ್ನು, ಅದೂ ಮಗು ಹುಟ್ಟಿದ ಹೊತ್ತಿನಲ್ಲಿ ಮಾತ್ರ. 2019ರಲ್ಲಿ ಬ್ರಿಟನ್ನಿನಲ್ಲಿ 596 ಮಕ್ಕಳ ಮಲ ಪರೀಕ್ಷೆ ಮಾಡಿದರು. ಸಿಸೇರಿಯನ್ ಮಕ್ಕಳಲ್ಲಿ ಬ್ಯಾಕ್ಟೀರಾಯ್ಡಿಸ್ ಅನ್ನೋ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ, ಆಸ್ಪತ್ರೆಗಳಲ್ಲಿ ಓಡಾಡುವ ಎಂಟರೊಕಾಕಸ್, ಕ್ಲೆಬ್ಸಿಯೆಲ್ಲಾ ಜಾಸ್ತಿ. ಒಳ್ಳೆಯವು ಹೆಚ್ಚಾಗಿ ಬಂದದ್ದು ಅಮ್ಮನ ಕರುಳಿನಿಂದ, ಹೆರಿಗೆ ದಾರಿಯಿಂದಲ್ಲ. ಮುಖ್ಯವಾದದ್ದು ಇದು: ಮಗು ಬೇರೆ ಆಹಾರ ಶುರುಮಾಡುವ ಹೊತ್ತಿಗೆ ಈ ವ್ಯತ್ಯಾಸ ಬಹುಮಟ್ಟಿಗೆ ಇಳಿದಿತ್ತು. ಬ್ಯಾಕ್ಟೀರಾಯ್ಡಿಸ್ ಮಾತ್ರ ಹಿಂದೆ ಉಳಿದಿತ್ತು. ಫಾರ್ವರ್ಡ್‌ನಲ್ಲಿ ಇದು ಎಲ್ಲಿದೆ?

ತಮ್ಮ: ಆಸ್ತಮಾ?

ನಾನು: ಅಪಾಯ ಸ್ವಲ್ಪ ಜಾಸ್ತಿ, ನಿಜ. 2020ರ ಡೆನ್ಮಾರ್ಕ್ ಅಧ್ಯಯನದಲ್ಲಿ, ವರ್ಷ ತುಂಬಿದರೂ ಕರುಳಿನ ಬ್ಯಾಕ್ಟೀರಿಯಾ ಸಿಸೇರಿಯನ್ ರೀತಿಯಲ್ಲೇ ಉಳಿದ ಮಕ್ಕಳಿಗೆ 6ನೇ ವಯಸ್ಸಿಗೆ ಆಸ್ತಮಾ ಜಾಸ್ತಿ ಕಂಡಿತು. ಅಷ್ಟರಲ್ಲಿ ಬದಲಾದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಕಟ್ಟಿಟ್ಟ ಬುತ್ತಿ ಅನ್ನೋದು ಎಲ್ಲಿಂದ ಬಂತು? ಆಪರೇಷನ್‌ಗೆ ಮುಂಚೆ ಅಮ್ಮನಿಗೆ ಆಂಟಿಬಯಾಟಿಕ್ ಕೊಡುತ್ತಾರೆ, ಅದರ ಪಾಲೂ ಇರಬಹುದಲ್ವಾ?

ಚಿಕ್ಕಮ್ಮ: ಅಮ್ಮನ ಹೆರಿಗೆ ದಾರಿಯ ದ್ರವವನ್ನು ಬಟ್ಟೆಯಲ್ಲಿ ತೆಗೆದು ಮಗುವಿನ ಬಾಯಿಗೆ ಸವರುತ್ತಾರಂತೆ. ಮಾಡಿಸಿದ್ದರೆ?

ನಾನು: ಬೇಡವೇ ಬೇಡ ಚಿಕ್ಕಮ್ಮ. ಹರ್ಪಿಸ್, ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ತರಹದ ಸೋಂಕು ಮಗುವಿಗೆ ದಾಟಬಹುದು. ಸಂಶೋಧನೆಯ ಹೊರಗೆ ಮಾಡಬಾರದು ಅಂತ ಅಮೆರಿಕದ ಹೆರಿಗೆ ತಜ್ಞರ ಸಂಘ 2017ರಲ್ಲೇ ಹೇಳಿದೆ. ಒಳ್ಳೆಯ ಬ್ಯಾಕ್ಟೀರಿಯಾ ಬೆಳೆಯಲು ಎದೆಹಾಲಿದೆ. ಅದರಲ್ಲಿ ಮಗುವಿಗೆ ಜೀರ್ಣವಾಗದ ಒಂದು ಬಗೆಯ ಸಕ್ಕರೆ ಇದೆ. ಅದು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಆದ ಬಿಫಿಡೊಬ್ಯಾಕ್ಟೀರಿಯಾಕ್ಕೆ ಊಟ. ನನಗೆ ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಅಕ್ಕ: ನನಗೆ ಮೊದಲ ಮೂರು ದಿನ ಹಾಲೇ ಸರಿಯಾಗಿ ಬರಲಿಲ್ಲ.

ನಾನು: ಆಪರೇಷನ್ ಆದವರಿಗೆ ತಡವಾಗುವುದು ಸಾಮಾನ್ಯ ಅಕ್ಕ. ನಿನ್ನ ತಪ್ಪಲ್ಲ. ಆಗ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕಿತ್ತು.

ದೊಡ್ಡಪ್ಪ: ಎಲ್ಲಾ ಸರಿ. ಸುಮ್ನೆ ಸುಮ್ನೆ ಕೊಯ್ಯುವುದು ಜಾಸ್ತಿ ಆಗಿಲ್ವಾ?

ನಾನು: ಆಗಿದೆ. ಒಂದು ದೇಶದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10 ದಾಟಿದ ಮೇಲೆ ತಾಯಿ ಮಕ್ಕಳ ಸಾವು ಇನ್ನಷ್ಟು ಇಳಿಯುವುದು ಕಂಡಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಆ ಪ್ರಶ್ನೆ ಆಸ್ಪತ್ರೆಗಳನ್ನು ಕೇಳೋಣ, ನಾನೂ ಬರುತ್ತೇನೆ. ಹೊಲಿಗೆ ಮಾಯದ ಅಕ್ಕನನ್ನು ಕೇಳಬೇಡಿ. ಪಾಪುವಿನ ಎದೆಬಡಿತ ಇಳಿಯುತ್ತಿತ್ತು ದೊಡ್ಡಪ್ಪ. ಅವತ್ತು ಕೊಯ್ದಿದ್ದಕ್ಕೇ ಇಬ್ಬರೂ ನಮ್ಮ ಜೊತೆ ಇದ್ದಾರೆ.

ದೊಡ್ಡಪ್ಪ: ಎದೆಬಡಿತದ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮೆಸೇಜ್ ಅಳಿಸಿದೆ. ಮಗಳೇ, ಪಾಪು ಹೇಗಿದೆ ಈಗ?

ಅಕ್ಕ: ಎದ್ದಿದೆ. ಹಾಲು ಕುಡಿಸಿ ಫೋನ್ ಮಾಡ್ತೀನಿ ದೊಡ್ಡಪ್ಪ.