ಸಹಾಯ ಬೇಕು: ಪುಟ್ಟ ಮಕ್ಕಳೊಂದಿಗೆ ಟೋಕಿಯೊ, ಕ್ಯೋಟೊ, ಒಸಾಕಾ

ಎಲ್ಲರಿಗೂ ನಮಸ್ಕಾರ. ಮಾರ್ಚ್ ಕೊನೆಯಲ್ಲಿ, ಚೆರ್ರಿ ಹೂವಿನ ಹೊತ್ತಿಗೆ, ಬೆಂಗಳೂರಿನಿಂದ ಜಪಾನಿಗೆ ಹೊರಟಿದ್ದೇವೆ. ಮಗಳಿಗೆ ನಾಲ್ಕು ವರ್ಷ, ಮಗನಿಗೆ ಹದಿನಾಲ್ಕು ತಿಂಗಳು. ಜೊತೆಗೆ ಅತ್ತೆಯವರೂ ಬರುತ್ತಾರೆ.

ನನಗಿರುವ ದೊಡ್ಡ ಚಿಂತೆ ಊಟದ್ದು. ನಾವು ಮೀನು, ಮೊಟ್ಟೆ ಮುಟ್ಟುವವರಲ್ಲ. ಅಲ್ಲಿ ತರಕಾರಿ ಉದೋನ್ (ದಪ್ಪ ನೂಡಲ್ಸ್), ಮಿಸೊ ಸಾರಿನಲ್ಲೂ ಸಾಮಾನ್ಯವಾಗಿ ಒಣಮೀನಿನಿಂದ ಇಳಿಸಿದ ದಾಶಿ ಎಂಬ ತಿಳಿಸಾರು ಇರುತ್ತದೆ. ಮಗನಿಗೆ ಬೆಳಗ್ಗೆ ರಾಗಿ ಸರಿಯೇ ಆಗಬೇಕು. ಅದು ಬಿಸಿನೀರಿನಲ್ಲಿ ಕಲಸಿದರೆ ಆಗುವಂಥದ್ದಲ್ಲ, ಗಂಟಾಗದಂತೆ ತಿರುವುತ್ತಾ ಕುದಿಸಬೇಕು. ಹಾಗಾಗಿ ಪುಟ್ಟ ಒಲೆಯಿರುವ ಕೋಣೆ ಹುಡುಕುತ್ತಿದ್ದೇವೆ. ಟೋಕಿಯೊದಲ್ಲಿ ಉಯೆನೊ ಒಳ್ಳೆಯದೋ, ಅಸಾಕುಸ ಒಳ್ಳೆಯದೋ? ಉಯೆನೊದಲ್ಲಿ ಉದ್ಯಾನ, ಮೃಗಾಲಯ ಎರಡೂ ಹತ್ತಿರವಿರುವುದರಿಂದ ನನ್ನ ಮನಸ್ಸು ಅತ್ತಲೇ ವಾಲಿದೆ.

ಟೋಕಿಯೊದಿಂದ ಕ್ಯೋಟೊಗೆ ನೊಝೊಮಿ ಎಂಬ ಬುಲೆಟ್ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಆರು ವರ್ಷದೊಳಗಿನ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡರೆ ಟಿಕೆಟ್ ಬೇಡ. ಆದರೂ ಮಗಳಿಗೆ ಆಸನ ಕಾಯ್ದಿರಿಸುತ್ತೇವೆ, ಅವಳು ಕಿಟಕಿ ಬಿಟ್ಟು ಕದಲುವವಳಲ್ಲ. ಉದ್ದ, ಅಗಲ, ಎತ್ತರ ಸೇರಿ 160 ಸೆಂ.ಮೀ. ಮೀರಿದ ಪೆಟ್ಟಿಗೆಗೂ ಆ ರೈಲಿನಲ್ಲಿ ಮೊದಲೇ ಜಾಗ ಗೊತ್ತುಮಾಡಬೇಕು. ಅದರ ಬದಲು ಹೋಟೆಲಿನಿಂದ ಹೋಟೆಲಿಗೆ ಕೊರಿಯರ್‌ನಲ್ಲಿ ಕಳುಹಿಸಿದವರು ಇದ್ದೀರಾ? ಪೆಟ್ಟಿಗೆ ಮರುದಿನವೇ ಕೈಸೇರಿತೇ?

ಕ್ಯೋಟೊದ ಫುಶಿಮಿ ಇನಾರಿ ದೇಗುಲದ ಕೆಂಪು ಕಮಾನುಗಳ ದಾರಿಯ ತುಂಬ ಮೆಟ್ಟಿಲುಗಳು. ಅಲ್ಲಿಗೆ ತಳ್ಳುಗಾಡಿ ಬಿಟ್ಟು ಮಗುವನ್ನು ಎದೆಗೆ ಕಟ್ಟಿಕೊಂಡು ಹೋಗುವುದೆಂದುಕೊಂಡಿದ್ದೇನೆ. ಮಂಡಿನೋವಿರುವ ಅತ್ತೆಯವರು ಎಲ್ಲಿಯವರೆಗೆ ನಡೆಯಬಹುದು? ಮಕ್ಕಳೊಂದಿಗೆ ಹೋಗಿಬಂದವರು, ಅಲ್ಲಿಯೇ ನೆಲೆಸಿರುವ ಕನ್ನಡಿಗರು ದಯವಿಟ್ಟು ತಿಳಿಸಿ. ಈ ವಾರವೇ ಕೋಣೆ ಕಾಯ್ದಿರಿಸಬೇಕಾಗಿದೆ.