ವಿಂಡೋಸ್ 10 ಪಕ್ಕದಲ್ಲೇ ಲಿನಕ್ಸ್ ಮಿಂಟ್: ಜಾಗ ಎಷ್ಟು, ನುಡಿ ಫೈಲುಗಳ ಗತಿ ಏನು?

ಪ್ರಶ್ನೆ: ಏಳನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ವಿಂಡೋಸ್ 11 ಒಪ್ಪುತ್ತಿಲ್ಲ. ಟ್ಯಾಲಿಗೆ ವಿಂಡೋಸ್ 10 ಉಳಿಸಿಕೊಂಡೇ ಮಿಂಟ್ 22 ಹಾಕಬೇಕು. ಎಷ್ಟು ಜಾಗ ಬಿಡಲಿ? ಹಳೆಯ ನುಡಿ (ಕನ್ನಡ ಬರೆಯುವ ತಂತ್ರಾಂಶ) ಫೈಲುಗಳು ಅದರಲ್ಲಿ ತೆರೆಯುತ್ತವೆಯೇ?

ಉತ್ತರ 1: 60 ಜಿಬಿ ಧಾರಾಳ. ಸಿ ಡ್ರೈವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಕುಗ್ಗಿಸಿ, ಖಾಲಿ ಜಾಗವನ್ನು ಹಾಗೇ ಬಿಡಿ. ಅದಕ್ಕೂ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಗೂಢಲಿಪಿ ಬೀಗ) ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರೆನಿದ್ದೆಯಲ್ಲೇ ಇರುತ್ತದೆ, ಮಿಂಟ್‌ನಲ್ಲಿ ಸಿ ಡ್ರೈವ್ ಓದಲು ಮಾತ್ರ ಸಿಗುತ್ತದೆ. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್‌ನಿಂದ ಮಿಂಟ್‌ನ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಬರೆಯಿರಿ. ಇನ್‌ಸ್ಟಾಲ್ ಒತ್ತುವ ಮುನ್ನ ಅದರಿಂದಲೇ ಬೂಟ್ ಮಾಡಿ ವೈಫೈ, ಧ್ವನಿ ನೋಡಿ.

ಉತ್ತರ 2: ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ವ್ಯವಹರಿಸುವ ಬಗೆ) ಇಂಟೆಲ್ ಆರ್‌ಎಸ್‌ಟಿ ಇರಬಹುದು, ಎಎಚ್‌ಸಿಐ ಬೇಕು. ನೇರ ಬದಲಿಸಿದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಆರಿಸಿ, ಮೋಡ್ ಬದಲಿಸಿ, ಒಮ್ಮೆ ಸೇಫ್ ಮೋಡ್‌ಗೆ ಹೋಗಿ ಸೇಫ್ ಬೂಟ್ ಗುರುತು ತೆಗೆಯಿರಿ.

ಉತ್ತರ 3: ನುಡಿ ಫೈಲು ಮಿಂಟ್‌ನ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ತೆರೆಯುತ್ತದೆ, ಅಕ್ಷರ ಮಾತ್ರ ಗೋಜಲು. ಅದು ಯೂನಿಕೋಡ್ ಅಲ್ಲ, ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ರೂಪ ತೊಡಿಸುವ ಆಸ್ಕಿ ಫಾಂಟಿನ ಆಟ. ನುಡಿ ಫಾಂಟ್ ಫೈಲುಗಳನ್ನು (ಟಿಟಿಎಫ್) ಮಿಂಟ್‌ನಲ್ಲೂ ಇನ್‌ಸ್ಟಾಲ್ ಮಾಡಿದರೆ ಓದಬಹುದು. ಕನ್ನಡದಲ್ಲಿ ಹುಡುಕಬೇಕಾದರೆ ಯೂನಿಕೋಡ್‌ಗೆ ಪರಿವರ್ತಿಸಲೇಬೇಕು. ಟೈಪಿಂಗ್‌ಗೆ ಐಬಸ್-ಎಂ17ಎನ್ (ಬೇರೆ ಬೇರೆ ಭಾಷೆ ಟೈಪಿಸುವ ಸಾಧನ) ಹಾಕಿ ಕನ್ನಡದಡಿ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ) ಆರಿಸಿ. ನುಡಿ ಕೀಲಿಮಣೆ ಅಭ್ಯಾಸವಿದ್ದವರಿಗೆ ಬೆರಳು ತಡವರಿಸದು.