ಕೋಪ ನಿಭಾಯಿಸುವ ಗುಂಪು ತರಬೇತಿ: ಮನಃಶಾಸ್ತ್ರಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಕೋಪ ನಿಭಾಯಿಸುವ ಕೌಶಲಗಳನ್ನು ಗುಂಪಿನಲ್ಲಿ ಕಲಿಸುವ ಕ್ಲಿನಿಕಲ್ ಸೈಕಾಲಜಿಸ್ಟ್ ಮೇಡಂ ಈ ಸಂಜೆ ನಮ್ಮ ಈ ಚಾಟ್ ಗುಂಪಿನಲ್ಲಿದ್ದಾರೆ. ಪ್ರಶ್ನೆಗಳನ್ನು ಕಳುಹಿಸಿ.

ಬ್ಯಾಂಕ್ ಉದ್ಯೋಗಿ, ಮೈಸೂರು: ಹತ್ತು ಜನ ಅಪರಿಚಿತರ ಮುಂದೆ ಮನೆಯ ವಿಷಯವನ್ನೆಲ್ಲ ಹೇಳಬೇಕೇ ಮೇಡಂ?

ಉತ್ತರ: ಬೇಡ. ಇದು ತರಗತಿ, ಪಂಚಾಯಿತಿಯಲ್ಲ. ನಾವು ಬಳಸುವ ಪಾಠಗಳಲ್ಲಿ ಹೆಚ್ಚಿನವು ಅಮೆರಿಕದ ಮನಃಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ಚಿಕಿತ್ಸೆಯಿಂದ ಬಂದವು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆ. ಒಂದು ಸುತ್ತು ಮುಗಿಯಲು ಸಾಮಾನ್ಯವಾಗಿ 24 ವಾರ ಬೇಕು. ಮೊದಲರ್ಧದಲ್ಲಿ ಹೋಮ್‌ವರ್ಕ್ ಹಾಳೆ ನೋಡುತ್ತೇವೆ. ‘ರಾತ್ರಿ 9ಕ್ಕೆ ಮಗಳು ಮೊಬೈಲ್ ಕೆಳಗಿಡಲಿಲ್ಲ, ಕೂಗಾಡಿದೆ’ ಎಂದು ಬರೆದಿರುತ್ತಾರೆ. ಅದಕ್ಕೂ ಮೊದಲು ಏನಾಯಿತು ಎಂದು ಕೇಳುತ್ತಾ ಹೋದರೆ ಮಧ್ಯಾಹ್ನದ ಊಟ ತಪ್ಪಿರುತ್ತದೆ, ಹಿಂದಿನ ರಾತ್ರಿ ನಿದ್ದೆ ಇರುವುದಿಲ್ಲ, ಮನೆಗೆ ಬರುವಾಗಲೇ ಹಲ್ಲು ಬಿಗಿದಿರುತ್ತದೆ. ಈ ಸರಪಳಿಯ ಯಾವ ಕೊಂಡಿಯನ್ನು ಬಿಡಿಸಬಹುದಿತ್ತು ಎಂಬುದೇ ಅಂದಿನ ಪಾಠ. ಪಕ್ಕದಲ್ಲಿ ಕುಳಿತವರ ಹಾಳೆಯಲ್ಲೂ ಅದೇ ಸರಪಳಿ ಕಂಡಾಗ ಸಂಕೋಚ ತಾನಾಗಿ ಕಡಿಮೆಯಾಗುತ್ತದೆ.

ಗೃಹಿಣಿ, ಶಿವಮೊಗ್ಗ: ಹದಿನೈದು ವರ್ಷದ ಮಗ ಬಾಗಿಲು ಒದೆಯುತ್ತಾನೆ. ಅವನನ್ನು ಸೇರಿಸಿಕೊಳ್ಳುತ್ತೀರಾ?

ನಿವೃತ್ತ ಅಧಿಕಾರಿ, ತುಮಕೂರು: ಫಾರ್ವರ್ಡ್ ಆಗಿ ಬಂದದ್ದು: ಕೋಪ ಬಂದಾಗ ದಿಂಬಿಗೆ ನೂರು ಏಟು ಹೊಡೆಯಿರಿ, ಇಲ್ಲವೇ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಖ ಮುಳುಗಿಸಿ. ಎರಡೇ ನಿಮಿಷದಲ್ಲಿ ಮಾಯ.

ಉತ್ತರ: ದಿಂಬಿಗೆ ಹೊಡೆಯಬೇಡಿ. ಕೋಪ ತಣಿಸುವ ವಿಧಾನಗಳ ಬಗ್ಗೆ ನಡೆದ 154 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವರದಿ 2024ರಲ್ಲಿ ಬಂದಿದೆ. ದೇಹದ ಉದ್ವೇಗವನ್ನು ಇಳಿಸುವ ಉಸಿರಾಟ, ಧ್ಯಾನ, ಯೋಗಗಳಿಂದ ಕೋಪ ಕಡಿಮೆಯಾಗುತ್ತದೆ. ಹೊಡೆದು ಹೊರಹಾಕುವುದರಿಂದ ಆಗುವುದಿಲ್ಲ. ತಣ್ಣೀರನ್ನು ನಾವೂ ಕಲಿಸುತ್ತೇವೆ, ಏಕೆಂದರೆ ಅದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತದೆ. ಆ ಕಾರಣಕ್ಕೇ ಹೃದ್ರೋಗವಿರುವವರು ಮತ್ತು ಬಡಿತ ತಗ್ಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಹೀಗೆ ಮಾಡಲೇಬಾರದು. ಈ ಎಚ್ಚರಿಕೆ ನಿಮ್ಮ ಫಾರ್ವರ್ಡ್‌ನಲ್ಲಿ ಏಕಿಲ್ಲ? ಓದದೆ ಹಂಚಬೇಡಿ.

ಸದಸ್ಯರು, ಹುಬ್ಬಳ್ಳಿ: ಶುಲ್ಕ ಎಷ್ಟು? ಫೋನಿನಲ್ಲಿ ಮಾತನಾಡಬಹುದೇ?

ಉತ್ತರ: ಫೋನಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ. ಕನ್ನಡದಲ್ಲೇ ಮಾತನಾಡಬಹುದು.

ನಿರ್ವಾಹಕರು: ಹೆಸರು, ಊರು ಬೇಡವೆಂದ ಸದಸ್ಯೆಯೊಬ್ಬರ ಪ್ರಶ್ನೆ: ‘ನನ್ನ ಗಂಡನಿಗೆ ವಿಪರೀತ ಕೋಪ. ಮೊನ್ನೆ ಸ್ಟೀಲ್ ಚೊಂಬನ್ನು ನನ್ನತ್ತ ಎಸೆದರು. ಅಷ್ಟರಲ್ಲಿ ಮ್ಯಾನೇಜರ್ ಫೋನ್ ಬಂತು. “ಹೇಳಿ ಸರ್” ಎಂದು ಮೆತ್ತಗೆ ಮಾತನಾಡಿ, ಫೋನ್ ಇಟ್ಟು ಮತ್ತೆ ಶುರು ಮಾಡಿದರು. ಇಬ್ಬರೂ ಒಟ್ಟಿಗೆ ತರಬೇತಿಗೆ ಬರಬಹುದೇ?’

ಉತ್ತರ: ಈ ಪ್ರಶ್ನೆ ಓದಿ ನನಗೆ ಆತಂಕವಾಗಿದೆ. ಆ ಫೋನ್ ಕರೆಯನ್ನೇ ನೋಡಿ. ತಡೆದುಕೊಳ್ಳಲಾಗದ ಕೋಪವಾಗಿದ್ದರೆ ಮ್ಯಾನೇಜರ್ ಮೇಲೂ ಹರಿಯುತ್ತಿತ್ತು. ಅವರಿಗೆ ತಡೆದುಕೊಳ್ಳುವುದು ಗೊತ್ತಿದೆ. ನಿಮ್ಮ ಮುಂದೆ ತಡೆದುಕೊಳ್ಳುತ್ತಿಲ್ಲ. ಇದು ಕೌಶಲದ ಕೊರತೆಯಲ್ಲ, ದೌರ್ಜನ್ಯ. ದಯವಿಟ್ಟು ಒಟ್ಟಿಗೆ ಬರಬೇಡಿ. ಗಂಡನ ಎದುರು ನೀವು ನಿಜ ಹೇಳಿದರೆ ಮನೆಗೆ ಹೋದ ಮೇಲೆ ಅದರ ಬೆಲೆ ತೆರಬೇಕಾಗಬಹುದು. ಹೇಳದಿದ್ದರೆ ತರಬೇತಿಯಿಂದ ಪ್ರಯೋಜನವಿಲ್ಲ. ಅವರು ಒಂದು ಗುಂಪಿಗೆ ಸೇರಿದ ಮಾತ್ರಕ್ಕೆ ಮನೆ ಸುರಕ್ಷಿತವಾಯಿತು ಎಂದೂ ನಂಬಬೇಡಿ. ನಿಮಗೆ ಈಗ ಬೇಕಿರುವುದು ರಕ್ಷಣೆ. ಮಹಿಳಾ ಸಹಾಯವಾಣಿ 181, ಅಪಾಯದ ಕ್ಷಣದಲ್ಲಿ 112. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಗೆ 2005ರ ಕಾಯ್ದೆ ಇದೆ. ಅದರಡಿ ಸಂರಕ್ಷಣಾಧಿಕಾರಿಗೆ ದೂರು ಕೊಟ್ಟರೆ, ನೀವು ಅದೇ ಮನೆಯಲ್ಲಿ ಇರುವ ಹಕ್ಕನ್ನೂ ನ್ಯಾಯಾಲಯ ಕಾಯಬಲ್ಲದು. ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಸ್ವಲ್ಪ ನಗದನ್ನು ನಂಬಿಕಸ್ಥರ ಬಳಿ ಇಡಿ. ಗಲಾಟೆ ಏರುತ್ತಿದೆ ಎನಿಸಿದಾಗ ಅಡುಗೆಮನೆಯಲ್ಲಿ ನಿಲ್ಲಬೇಡಿ; ಹೊರಬಾಗಿಲಿನ ಕಡೆ ಬನ್ನಿ. ಅವರು ನಿಮ್ಮ ಮೊಬೈಲ್ ನೋಡುವವರಾದರೆ ಬೇರೆಯವರ ಫೋನಿನಿಂದ ಕರೆ ಮಾಡಿ. ಇಲ್ಲಿ ಇನ್ನೇನನ್ನೂ ಬರೆಯಬೇಡಿ.

ನಿವೃತ್ತ ಅಧಿಕಾರಿ, ತುಮಕೂರು: ಒಂದು ಚೊಂಬಿಗೆ ಪೊಲೀಸರೇ? ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ. ಹೊಂದಿಕೊಂಡು ಹೋಗುವುದನ್ನು ಹೇಳಿಕೊಡಿ.

ಶಿಕ್ಷಕಿ, ಧಾರವಾಡ: ಅದೇ ಚೊಂಬು ನಿಮ್ಮ ಮಗಳ ಹಣೆಗೆ ಬಿದ್ದಿದ್ದರೆ ಈ ಗಾದೆ ಹೇಳುತ್ತಿದ್ದಿರಾ ಸರ್?

ನಿವೃತ್ತ ಅಧಿಕಾರಿ: ನನ್ನ ಮಗಳ ಮಾತು ಇಲ್ಲಿ ಬೇಡ. ಹಿರಿಯರ ಜೊತೆ ಮಾತನಾಡುವ ರೀತಿ ಇದೇ ಏನು?

ಶಿಕ್ಷಕಿ: ಹಿರಿಯರು ಹಿರಿಯರಂತೆ ಮಾತನಾಡಲಿ.

ಅಂಗಡಿ ಮಾಲೀಕರು, ದಾವಣಗೆರೆ: ಕೋಪಕ್ಕೆ ಮುತ್ತಿನ ಉಂಗುರ ಒಳ್ಳೆಯದಂತೆ. ನಿಜವೇ?

ಉತ್ತರ: ಇಲ್ಲ.

ಸದಸ್ಯರು, ಕೋಲಾರ: ಶುಲ್ಕ ಎಷ್ಟು?

ಉತ್ತರ: ಮೇಲೆ ಓದಿ.

ನಿವೃತ್ತ ಅಧಿಕಾರಿ: ಸಂಸಾರ ಒಡೆಯುವುದನ್ನೇ ತರಬೇತಿ ಎನ್ನುತ್ತಾರೆ.

ಉತ್ತರ: ನಿರ್ವಾಹಕರೇ, ಇದನ್ನು ಇಲ್ಲಿಗೇ ನಿಲ್ಲಿಸಿ. ಪ್ರಶ್ನೆ ಕೇಳಿದ ಹೆಣ್ಣುಮಗಳು ಇದನ್ನೆಲ್ಲ ಓದುತ್ತಿದ್ದಾರೆ. ಸಹಿಸಿಕೊಳ್ಳಿ ಎಂದು ಅವರಿಗೆ ಇನ್ನೊಬ್ಬರು ಹೇಳುವುದಾದರೆ ನಾನು ಈ ಗುಂಪಿನಲ್ಲಿ ಉತ್ತರಿಸುವುದಿಲ್ಲ.

ಗೃಹಿಣಿ, ಶಿವಮೊಗ್ಗ: ಮೇಡಂ, ನನ್ನ ಮಗನ ವಿಷಯ?

ನಿರ್ವಾಹಕರು: ಸದ್ಯಕ್ಕೆ ಯಾರೂ ಬರೆಯದಂತೆ ಗುಂಪನ್ನು ಮುಚ್ಚಿದ್ದೇನೆ.